ಕೋಶ ಓದಲು ವ್ಯಾಕರಣ ಬೇಡವೇ?

ಕಳೆದ ವರ್ಷ ಒಂದು ಒಪ್ಪಿಗೆ ಪತ್ರದ ಅನುವಾದ ನನ್ನ ಪಾಲಿಗೆ ಬಂತು. ಹೊಸ ಔಷಧವೊಂದರ ಪ್ರಯೋಗದಲ್ಲಿ ಪಾಲ್ಗೊಳ್ಳುವವರು ಓದಿ, ಅರ್ಥಮಾಡಿಕೊಂಡು, ಸಹಿ ಹಾಕಬೇಕಾದ ಪತ್ರ. ಇಂಥವನ್ನು ಹಲವು ಮಾಡಿದ್ದೇನೆ. ಅರ್ಧ ದಿನದ ಕೆಲಸ ಎಂದುಕೊಂಡೇ ಕೂತೆ. ನಾಲ್ಕನೇ ಪುಟದ ಒಂದು ವಾಕ್ಯದಲ್ಲಿ ಸಿಕ್ಕಿಬಿದ್ದೆ. ಈ ಔಷಧವನ್ನು ಮನುಷ್ಯರಿಗೆ ಕೊಡುವ ಮುನ್ನ ಹೃದಯದ ಜೀವಕೋಶಗಳ ಮಾಡೆಲ್‌ಗಳಲ್ಲಿ ಪರೀಕ್ಷಿಸಲಾಗಿದೆ ಎಂಬ ಅರ್ಥದ ವಾಕ್ಯ ಅದು. ಮಾಡೆಲ್ ಎಂದರೆ ಮಾದರಿ. ಹಾಗೇ ಬರೆದೆ: ‘ಹೃದಯದ ಜೀವಕೋಶಗಳ ಮಾದರಿಗಳ ಮೇಲೆ ಪರೀಕ್ಷಿಸಲಾಗಿದೆ.’ ಮುಂದಿನ ಪುಟದಲ್ಲಿ ‘ನಿಮ್ಮ ರಕ್ತದ ಮಾದರಿ ಪಡೆಯಲಾಗುವುದು’ ಎಂದು ಬರೆಯುವಾಗ ಕೈ ನಿಂತಿತು.

ಇಂಥ ಅನುಮಾನ ಬಂದಾಗ ನಾನು ಧಾರವಾಡದ ದೊಡ್ಡವ್ವನಿಗೆ ಫೋನ್ ಮಾಡುತ್ತೇನೆ. ಅವರು ಏಳನೇ ಇಯತ್ತೆವರೆಗೆ ಓದಿದವರು. ಸಕ್ಕರೆ ಕಾಯಿಲೆಯ ದೆಸೆಯಿಂದ ಆಸ್ಪತ್ರೆಯ ಕಾಗದಪತ್ರ ಓದಿ ಅಭ್ಯಾಸ ಇರುವವರು. ವಾಕ್ಯ ಓದಿ ಹೇಳಿ, ಏನು ತಿಳೀತು ಅಂದೆ. “ಅಂದ್ರ ಯಾರದೋ ಎದ್ಯಾಗಿಂದ ಚೂರು ತಗದು, ಅದರ ಮ್ಯಾಲೆ ಔಷಧ ಹಾಕಿ ನೋಡ್ಯಾರ. ಅಷ್ಟ ಅಲ್ಲೇನವಾ?” ಅಂದರು. ಇಲ್ಲ ದೊಡ್ಡವ್ವ, ಚೂರುಪಾರು ಏನೂ ಇಲ್ಲ, ಕಂಪ್ಯೂಟರಿನ್ಯಾಗ ಲೆಕ್ಕ ಹಾಕಿ ನೋಡ್ಯಾರ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಹಂಗ ಬರೀಬೇಕಲ್ಲವಾ” ಅಂದರು.

ಕನ್ನಡದ ‘ಮಾದರಿ’ ಬಹಳ ಹೊರೆ ಹೊತ್ತ ಪದ. ರಕ್ತದ ಮಾದರಿ, ಮಾದರಿ ಶಾಲೆ, ಮಾದರಿ ಪ್ರಶ್ನೆಪತ್ರಿಕೆ, ಆ ಮಾದರಿಯ ಜನ: ಎಲ್ಲಕ್ಕೂ ಒಂದೇ. ಚೆನ್ನೈಯಲ್ಲಿರುವವರಿಗೆ ತಮಿಳಿನ ‘ಮಾದಿರಿ’ಯೂ, ಹೈದರಾಬಾದಿನವರಿಗೆ ತೆಲುಗಿನ ‘ನಮೂನಾ’ವೂ ಇದೇ ಕಷ್ಟ ಕೊಡುತ್ತವೆ. ಆದರೆ ಇಲ್ಲಿ ಬೆರೆತುಹೋಗುತ್ತಿರುವ ಎರಡು ಅರ್ಥಗಳ ನಡುವೆ ಅಗಾಧ ಅಂತರವಿದೆ. ಒಂದು, ನಿಜದಿಂದ ಮುರಿದು ತಂದ ಚೂರು. ಇನ್ನೊಂದು, ನಿಜದ ಬಗ್ಗೆ ನಾವು ಕಟ್ಟಿದ್ದು. ಚೂರಿನೊಳಗೆ ನಮಗೆ ಗೊತ್ತಿಲ್ಲದ್ದೂ ಇರುತ್ತದೆ. ಔಷಧ ಹಾಕಿದಾಗ ಅದು ನಾವು ನೆನೆಯದ ರೀತಿಯಲ್ಲಿ ಕೆಡಬಹುದು. ಕಟ್ಟಿದ್ದರೊಳಗೆ ಇರುವುದು ನಾವು ಇಟ್ಟದ್ದು, ಇಲ್ಲವೇ ನಾವು ಕೊಟ್ಟ ಅಂಕಿಅಂಶಗಳಿಂದ ಅದು ಹೆಕ್ಕಿಕೊಂಡದ್ದು, ಅಷ್ಟೇ.

ಆ ಒಂದು ಪದದ ಬೆನ್ನು ಹತ್ತಿ ಹಲವು ತಿಂಗಳು ಓದಿದೆ. ನಾನು ಭಾಷಾವಿಜ್ಞಾನ ಓದಿದವಳು, ಜೀವವಿಜ್ಞಾನ ಅಲ್ಲ. ಆದರೂ ಒಂದು ಅಭಿಪ್ರಾಯಕ್ಕೆ ಬಂದಿದ್ದೇನೆ, ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಜೀವಕೋಶದ ವರ್ತನೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವ ಕೆಲಸದಲ್ಲಿ ಇಂದು ಎರಡು ಬಗೆಗಳಿವೆ, ಎರಡಕ್ಕೂ ಒಂದೇ ಹೆಸರಿದೆ. ಒಂದು ವ್ಯಾಕರಣದಂಥದ್ದು, ಇನ್ನೊಂದು ಬಾಯಿಪಾಠದಂಥದ್ದು. ವ್ಯಾಕರಣ ದಶಕಗಳ ಕಾಲ ತಪ್ಪಿ, ತಿದ್ದಿಸಿಕೊಂಡು ಗಳಿಸಿದ ವಿಶ್ವಾಸವನ್ನು ನಾವು ಕೇಳದೆಯೇ ಬಾಯಿಪಾಠದ ಕೈಗೆ ಕೊಡುತ್ತಿದ್ದೇವೆ. ಇದು ಸರಿಯಲ್ಲ.

*

ಮೊದಲು ವ್ಯಾಕರಣದ ಬಗೆ ಹೇಗಿರುತ್ತದೆ ನೋಡೋಣ.

1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಸಮುದ್ರದ ಸ್ಪಂಜನ್ನು ಹಿಟ್ಟು ಸೋಸುವಂಥ ನವಿರಾದ ಬಟ್ಟೆಯಲ್ಲಿ ಹಿಂಡಿದರು. ಸ್ಪಂಜು ಪ್ರಾಣಿಯೇ, ಹಿಂಡಿದಾಗ ಅದರ ಕೋಶಗಳೆಲ್ಲ ಬಿಡಿಬಿಡಿಯಾಗಿ ನೀರಿಗೆ ಬಿದ್ದವು. ಬಿದ್ದವು ಸಾಯಲಿಲ್ಲ. ತೆವಳಿ ಒಂದನ್ನೊಂದು ಸೇರಿ ಗುಂಪಾದವು, ಗುಂಪು ಮತ್ತೆ ಸ್ಪಂಜಾಯಿತು. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಇಂಥದನ್ನೇ ಕಪ್ಪೆಯ ಕುಲದ ಪ್ರಾಣಿಗಳ ಭ್ರೂಣದಲ್ಲಿ ತೋರಿಸಿದರು. ಚರ್ಮವಾಗಬೇಕಾದ ಕೋಶಗಳನ್ನೂ ನರವಾಗಬೇಕಾದ ಕೋಶಗಳನ್ನೂ ಬಿಡಿಸಿ ಕಲಸಿಟ್ಟರೆ, ಅವು ತಾವೇ ಬೇರೆಬೇರೆಯಾಗಿ ಚರ್ಮದವು ಹೊರಗೆ, ನರದವು ಒಳಗೆ ಕೂರುತ್ತವೆ.

ಅವಕ್ಕೆ ಜಾಗ ತೋರಿಸಿದವರು ಯಾರು? 1960ರ ದಶಕದಲ್ಲಿ ಮಾಲ್ಕಮ್ ಸ್ಟೈನ್‌ಬರ್ಗ್ ಒಂದು ಸರಳ ಉತ್ತರ ಕೊಟ್ಟರು: ಯಾರೂ ತೋರಿಸಬೇಕಿಲ್ಲ, ಅಂಟು ಸಾಕು. ಒಂದು ಜಾತಿಯ ಕೋಶಗಳು ತಮ್ಮತಮ್ಮಲ್ಲಿ ಗಟ್ಟಿಯಾಗಿ, ಇನ್ನೊಂದು ಜಾತಿಯವು ಸಡಿಲವಾಗಿ ಅಂಟಿಕೊಳ್ಳುವುದಾದರೆ, ಗಟ್ಟಿ ಅಂಟಿನವು ಒಳಗೆ ಗುಂಪಾಗುತ್ತವೆ, ಸಡಿಲದವು ಸುತ್ತುವರಿಯುತ್ತವೆ. ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳು ಒಂದನ್ನೊಂದು ಮುಟ್ಟಿದ ಕೂಡಲೇ ಕೂಡಿ ದೊಡ್ಡ ಹನಿಯಾಗುವುದೂ ಇಂಥದೇ ಕಾರಣಕ್ಕೆ.

1992ರಲ್ಲಿ ಗ್ರಾನರ್ ಮತ್ತು ಗ್ಲೇಜಿಯರ್ ಎಂಬ ಇಬ್ಬರು ಭೌತವಿಜ್ಞಾನಿಗಳು ಈ ಉತ್ತರವನ್ನು ಕಂಪ್ಯೂಟರಿಗೆ ಹಾಕಿದರು. ಚೌಕಳಿ ಕಾಗದವನ್ನು ಕಲ್ಪಿಸಿಕೊಳ್ಳಿ. ಒಂದೊಂದು ಕೋಶವೂ ಅದರಲ್ಲಿ ಕೆಲವು ಚೌಕಗಳನ್ನು ಆವರಿಸಿದ ತೇಪೆ. ಎರಡು ತೇಪೆಗಳು ಮುಟ್ಟುವ ಗಡಿಗೆ ಇಷ್ಟು ಎಂದು ಖರ್ಚು ಕಟ್ಟಲಾಗಿದೆ. ಒಂದೇ ಜಾತಿಯವು ಮುಟ್ಟಿದರೆ ಒಂದು ಖರ್ಚು, ಬೇರೆ ಜಾತಿಯವು ಮುಟ್ಟಿದರೆ ಇನ್ನೊಂದು. ಕಂಪ್ಯೂಟರ್ ಕಣ್ಣುಮುಚ್ಚಿ ಒಂದು ಚೌಕ ಆರಿಸಿ, ಅದನ್ನು ಪಕ್ಕದ ತೇಪೆಗೆ ಕೊಟ್ಟು ನೋಡುತ್ತದೆ. ಒಟ್ಟು ಖರ್ಚು ಇಳಿದರೆ ಬದಲಾವಣೆ ಉಳಿಯುತ್ತದೆ. ಏರಿದರೆ ಅಪರೂಪಕ್ಕೊಮ್ಮೆ ಮಾತ್ರ ಉಳಿಯುತ್ತದೆ. ಇಷ್ಟನ್ನೇ ಲಕ್ಷಾಂತರ ಸಲ ಮಾಡುತ್ತ ಹೋದರೆ, ಕಲಸಿಟ್ಟ ತೇಪೆಗಳು ಪರದೆಯ ಮೇಲೆ ನಿಧಾನಕ್ಕೆ ಬೇರ್ಪಟ್ಟು, ಒಂದು ಜಾತಿ ಒಳಗೂ ಇನ್ನೊಂದು ಹೊರಗೂ ನಿಲ್ಲುತ್ತವೆ.

ಈ ಮಾಡೆಲ್‌ನಲ್ಲಿ ಡಿಎನ್‌ಎ ಇಲ್ಲ, ಪ್ರೋಟೀನ್ ಇಲ್ಲ, ಕೋಶಕೇಂದ್ರವೂ ಇಲ್ಲ. ಆದರೂ ಅದು ಒಂದು ಮಾತನ್ನು ಖಚಿತವಾಗಿ ಹೇಳುತ್ತದೆ: ಇಂಥ ವಿಂಗಡಣೆಗೆ ಅಪ್ಪಣೆ ಕೊಡುವವರು ಬೇಕಿಲ್ಲ, ಅಂಟಿನ ವ್ಯತ್ಯಾಸ ಸಾಕಾಗಬಹುದು. ಎಷ್ಟು ಖಚಿತವೆಂದರೆ, ತಪ್ಪಿದ್ದರೆ ತಪ್ಪು ಎಲ್ಲಿದೆ ಎಂದು ತೋರಿಸಬಹುದು. ಹಾಗೇ ಆಯಿತು. ಮುಂದೆ ಜೀಬ್ರಾ ಮೀನಿನ ಭ್ರೂಣದಲ್ಲಿ ಅಳೆದು ನೋಡಿದವರಿಗೆ, ಅಂಟಿನಷ್ಟೇ ಕೋಶದ ಹೊರಪದರದ ಬಿಗಿತವೂ ಮುಖ್ಯ ಎಂದು ಗೊತ್ತಾಯಿತು. ಮಾಡೆಲ್ ಬಿದ್ದುಹೋಗಲಿಲ್ಲ, ಗಡಿಯ ಖರ್ಚು ಎಂದರೇನು ಎಂಬ ತಿಳಿವಳಿಕೆ ಬದಲಾಯಿತು. ತಪ್ಪಿಗೆ ವಿಳಾಸ ಇತ್ತು, ಅಲ್ಲಿಗೆ ಹೋಗಿ ರಿಪೇರಿ ಮಾಡಿದರು.

*

ವ್ಯಾಕರಣ ಎಂಬ ಪದವನ್ನು ನಾನು ಬರೀ ಹೋಲಿಕೆಗೆ ಬಳಸುತ್ತಿಲ್ಲ. 1968ರಲ್ಲಿ ಅರಿಸ್ಟಿಡ್ ಲಿಂಡನ್‌ಮೇಯರ್ ಎಂಬ ಹಂಗೇರಿ ಮೂಲದ ಜೀವವಿಜ್ಞಾನಿ, ದಾರದಂತೆ ಉದ್ದಕ್ಕೆ ಬೆಳೆಯುವ ಜೀವಿಗಳ ಕೋಶಗಳು ಹೇಗೆ ಒಡೆದು ಬೆಳೆಯುತ್ತವೆ ಎಂಬುದನ್ನು ಅಕ್ಷರಶಃ ವ್ಯಾಕರಣ ಸೂತ್ರಗಳಾಗಿ ಬರೆದರು. ಎಂ.ಎ. ತರಗತಿಯಲ್ಲಿ ಚಾಮ್‌ಸ್ಕಿಯ ಸೂತ್ರಗಳನ್ನು ಬಿಡಿಸಿ ಬಿಡಿಸಿ ಸುಸ್ತಾಗಿದ್ದ ನನಗೆ ಇದು ಗೊತ್ತೇ ಇರಲಿಲ್ಲ. ಅದರ ಅತಿ ಸರಳ ರೂಪವನ್ನು ಕನ್ನಡ ಅಕ್ಷರಗಳಲ್ಲೇ ಆಡಿ ನೋಡಬಹುದು.

ದೊಡ್ಡ ಕೋಶಕ್ಕೆ ‘ದೊ’ ಎನ್ನೋಣ, ಚಿಕ್ಕದಕ್ಕೆ ‘ಚಿ’. ಎರಡೇ ಸೂತ್ರ. ಪ್ರತಿ ಸುತ್ತಿನಲ್ಲಿ ದೊ ಒಡೆದು ದೊಚಿ ಆಗುತ್ತದೆ. ಚಿ ಬೆಳೆದು ದೊ ಆಗುತ್ತದೆ. ಎಲ್ಲ ಕೋಶಗಳಿಗೂ ಏಕಕಾಲಕ್ಕೆ ಸೂತ್ರ ಹತ್ತಬೇಕು, ಯಾಕೆಂದರೆ ಜೀವಂತ ಕೋಶಗಳು ಸರದಿಯಲ್ಲಿ ನಿಂತು ಬೆಳೆಯುವುದಿಲ್ಲ. ಚಿ ಇಂದ ಶುರುಮಾಡಿ:

ಚಿ
ದೊ
ದೊಚಿ
ದೊಚಿದೊ
ದೊಚಿದೊದೊಚಿ
ದೊಚಿದೊದೊಚಿದೊಚಿದೊ

ಕೋಶಗಳ ಎಣಿಕೆ 1, 1, 2, 3, 5, 8. ಛಂದಸ್ಸು ಓದಿದವರಿಗೆ ಗುರುತು ಹತ್ತಿರಬೇಕು: ಇಷ್ಟು ಮಾತ್ರೆಗಳನ್ನು ಲಘುಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ಲೆಕ್ಕ ಹಾಕಿದರೂ ಇದೇ ಸಂಖ್ಯೆಗಳು ಬರುತ್ತವೆ. ನನ್ನ ವಾದಕ್ಕೆ ಬೇಕಾದದ್ದು ಬೇರೆ. ಸಾಲುಗಳನ್ನು ಇನ್ನೊಮ್ಮೆ ನೋಡಿ, ‘ಚಿಚಿ’ ಎಲ್ಲೂ ಇಲ್ಲ. ಸಾವಿರ ಸುತ್ತು ಹಾಕಿದರೂ ಬರುವುದಿಲ್ಲ. ಪ್ರತಿ ಚಿಯೂ ಹುಟ್ಟುವುದು ಒಂದು ದೊ ಬೆನ್ನಿಗೆ, ಆದ್ದರಿಂದ ಎರಡು ಚಿ ಅಕ್ಕಪಕ್ಕ ಕೂರಲಾರವು. ನಾಳೆ ಸೂಕ್ಷ್ಮದರ್ಶಕದಲ್ಲಿ ಎರಡು ಚಿಕ್ಕ ಕೋಶ ಅಕ್ಕಪಕ್ಕ ಕಂಡರೆ ಈ ಸೂತ್ರ ಸುಳ್ಳು, ವಾದಕ್ಕೆ ಜಾಗವಿಲ್ಲ.

ಒಳ್ಳೆಯ ವ್ಯಾಕರಣದ ಲಕ್ಷಣ ಇದು. ಏನು ಆಗಬಹುದು ಎಂಬುದರ ಜೊತೆಗೆ ಏನು ಆಗಲಾರದು ಎಂಬುದನ್ನೂ ಅದು ಹೇಳುತ್ತದೆ. ‘ಅವಳು ಬಂದನು’ ತಪ್ಪು ಎಂದು ನನಗೆ ಗೊತ್ತಿರುವುದು ಆ ವಾಕ್ಯವನ್ನು ಕೇಳಿಲ್ಲ ಎಂಬ ಕಾರಣಕ್ಕಲ್ಲ. ನಾನು ಕೇಳದ ಸರಿಯಾದ ವಾಕ್ಯಗಳು ಕೋಟಿಗಟ್ಟಲೆ ಇವೆ.

*

ಇದೆಲ್ಲ ಸ್ಪಂಜು, ಪಾಚಿಯ ಮಾತಾಯಿತು, ಮನುಷ್ಯರ ಔಷಧಕ್ಕೆ ಏನು ಸಂಬಂಧ ಎಂದು ಕೇಳಬಹುದು. ಒಪ್ಪಿಗೆ ಪತ್ರದಲ್ಲಿದ್ದ ಹೃದಯದ ಕೋಶಕ್ಕೇ ಬರುತ್ತೇನೆ.

1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪ ನರತಂತುವಿನಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಎಂಬುದಕ್ಕೆ ಸಮೀಕರಣ ಬರೆದರು. ಕೋಶದ ಪೊರೆಯಲ್ಲಿ ಸೋಡಿಯಂಗೆ ಒಂದು ಬಗೆಯ ಬಾಗಿಲು, ಪೊಟ್ಯಾಸಿಯಂಗೆ ಇನ್ನೊಂದು. ಯಾವುದು ಯಾವಾಗ ಎಷ್ಟು ತೆರೆಯುತ್ತದೆ ಎಂದು ಅಳೆದು ಲೆಕ್ಕಕ್ಕೆ ಇಳಿಸಿದರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಬಳಕೆಗೆ ಸಿಗದ ಸ್ಥಿತಿಯಲ್ಲಿತ್ತು. ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಾರಗಟ್ಟಲೆ ಹಿಡಿಕೆ ತಿರುಗಿಸಿ ಉತ್ತರ ತೆಗೆದರು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 1960ರಲ್ಲಿ ಡೆನಿಸ್ ನೋಬಲ್ ಎಂಬ ತರುಣ ಇದೇ ಸಮೀಕರಣಗಳನ್ನು ಹೃದಯದ ಕೋಶಕ್ಕೆ ಒಗ್ಗಿಸಿದರು. ಲಂಡನ್ನಿನಲ್ಲಿ ಅವರಿಗೆ ಕಂಪ್ಯೂಟರ್ ಸಿಗುತ್ತಿದ್ದುದು ರಾತ್ರಿ 2ರಿಂದ 4 ಗಂಟೆಯವರೆಗೆ. ಪರದೆಯಿಲ್ಲದ ಆ ಯಂತ್ರದೊಳಗೆ ಸಮೀಕರಣಗಳು ಹೃದಯದಂತೆ ಲಯಬದ್ಧವಾಗಿ ಮಿಡಿದವು.

ಆ ಮಾಡೆಲ್‌ನಲ್ಲಿ ಒಂದು ತಪ್ಪಿತ್ತು. ಕ್ಯಾಲ್ಸಿಯಂ ಹಾದುಹೋಗುವ ಬಾಗಿಲು ಹೃದಯದ ಕೋಶದಲ್ಲಿ ಇದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದಿಲ್ಲದೆ ಲೆಕ್ಕ ಕೂಡಿಸಲು ಸೋಡಿಯಂನ ಹರಿವು ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ ಎಂದು ಇಟ್ಟುಕೊಳ್ಳಬೇಕಾಯಿತು. ಮುಂದೆ ಕ್ಯಾಲ್ಸಿಯಂ ಪತ್ತೆಯಾದಾಗ ಅದನ್ನು ಎಲ್ಲಿ ಕೂರಿಸಬೇಕು ಎಂಬ ಗೊಂದಲ ಇರಲಿಲ್ಲ. ಇಲ್ಲೂ ತಪ್ಪಿಗೆ ವಿಳಾಸ ಇತ್ತು.

ಅರವತ್ತು ವರ್ಷಗಳ ಇಂಥ ತಿದ್ದುಪಡಿಯ ಫಲ ಈಗ ಔಷಧದ ಸುರಕ್ಷತೆಗೆ ಬಳಕೆಯಾಗುತ್ತಿದೆ. 1990ರ ದಶಕದಲ್ಲಿ ಟರ್ಫೆನಡಿನ್ ಎಂಬ ಅಲರ್ಜಿಯ ಮಾತ್ರೆ ಕೆಲವರ ಹೃದಯದ ಲಯ ಕೆಡಿಸಿ ಸಾವಿಗೆ ಕಾರಣವಾಗಿ, ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಹೃದಯದ ಕೋಶದ ಒಂದು ಪೊಟ್ಯಾಸಿಯಂ ಬಾಗಿಲನ್ನು ಅದು ಮುಚ್ಚುತ್ತಿತ್ತು. ಅಂದಿನಿಂದ ಆ ಬಾಗಿಲು ಮುಚ್ಚುವ ಔಷಧವೆಂದರೆ ಎಲ್ಲರಿಗೂ ಭಯ. ಆದರೆ ವೆರಾಪಮಿಲ್ ಕೂಡ ಅದೇ ಬಾಗಿಲನ್ನು ಮುಚ್ಚುತ್ತದೆ, ಆ ಬಗೆಯ ಲಯಭಂಗ ಮಾತ್ರ ತರುವುದಿಲ್ಲ. ಕ್ಯಾಲ್ಸಿಯಂ ಬಾಗಿಲನ್ನೂ ಜೊತೆಗೇ ಮುಚ್ಚುವುದರಿಂದ ತಕ್ಕಡಿ ಸರಿಹೋಗುತ್ತದೆ. ಒಂದೇ ಬಾಗಿಲು ನೋಡುವ ಪರೀಕ್ಷೆ ಈ ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ. ಎಲ್ಲ ಬಾಗಿಲುಗಳನ್ನೂ ಕೂಡಿಸಿ ಲೆಕ್ಕ ಹಾಕುವ ಮಾಡೆಲ್ ಬೇರ್ಪಡಿಸುತ್ತದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರೂ ಸೇರಿ ಶುರುಮಾಡಿದ ಸೀಪಾ ಎಂಬ ಯೋಜನೆ ಇದೇ ದಾರಿಯದು. ಅದರ ಬುಡದಲ್ಲಿರುವ ಒಹಾರಾ–ರೂಡಿ ಮಾಡೆಲ್‌ಗೆ ಆಧಾರ, ನೂರಕ್ಕೂ ಹೆಚ್ಚು ಆರೋಗ್ಯವಂತ ಮಾನವ ಹೃದಯಗಳಿಂದ ಪಡೆದ ಅಳತೆಗಳು.

ಹಾಗಾಗಿ ನನ್ನ ಒಪ್ಪಿಗೆ ಪತ್ರದ ಆ ವಾಕ್ಯ ಸುಳ್ಳೇನೂ ಆಗಿರಲಿಲ್ಲ. ಕಂಪ್ಯೂಟರಿನ ಲೆಕ್ಕ ಎಂದ ಮಾತ್ರಕ್ಕೆ ಕೀಳು ಅಲ್ಲ. ಕೆಲವು ಸಲ ಅದು ಇಲಿಯ ಮೇಲಿನ ಪ್ರಯೋಗಕ್ಕಿಂತ ಹೆಚ್ಚು ಹೇಳಬಲ್ಲದು. ಇಲಿಯ ಹೃದಯ ನಮ್ಮದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಬಡಿಯುತ್ತದೆ, ಅದರ ಬಾಗಿಲುಗಳ ಹದವೇ ಬೇರೆ.

ವ್ಯಾಕರಣದ ಬಗೆ ಎಂದರೆ ಚಿಕ್ಕದು ಎಂದೂ ಅಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಾರ್, ಕೋವರ್ಟ್ ಮತ್ತು ಸಂಗಡಿಗರು 525 ಜೀನ್‌ಗಳ ಒಂದು ಪುಟ್ಟ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಕಂಪ್ಯೂಟರಿನಲ್ಲಿ ಕಟ್ಟಿದರು. 28 ಉಪಮಾಡೆಲ್‌ಗಳು, 900ಕ್ಕೂ ಹೆಚ್ಚು ಪ್ರಬಂಧಗಳಿಂದ ಹೆಕ್ಕಿದ ಅಳತೆಗಳು. ಒಂದು ಕೋಶ ಎರಡಾಗುವುದನ್ನು ಲೆಕ್ಕ ಹಾಕಲು ಕಂಪ್ಯೂಟರಿಗೆ ಹೆಚ್ಚುಕಡಿಮೆ ಆ ಬ್ಯಾಕ್ಟೀರಿಯಾಕ್ಕೆ ಬೇಕಾಗುವಷ್ಟೇ ಗಂಟೆ ಹಿಡಿಯಿತು. ಮರುವರ್ಷ, ಜೀನ್ ಕೆಡಿಸಿದ ತಳಿಗಳ ಬೆಳವಣಿಗೆಯ ವೇಗ ಈ ಲೆಕ್ಕಕ್ಕೆ ತಾಳೆಯಾಗದ ಕಡೆಗಳನ್ನೇ ಹಿಡಿದುಕೊಂಡು ಹೋಗಿ, ಕೆಲವು ಕಿಣ್ವಗಳ ವೇಗವನ್ನು ತಪ್ಪಾಗಿ ಇಟ್ಟುಕೊಂಡಿದ್ದನ್ನು ಪತ್ತೆಮಾಡಿದರು. ಪ್ರಯೋಗಾಲಯದಲ್ಲಿ ಅಳೆದು ಖಚಿತಪಡಿಸಿಕೊಂಡರು. ತಾಳೆಯಾಗದ ಲೆಕ್ಕದಿಂದಲೇ ಹೊಸ ತಿಳಿವಳಿಕೆ ಹುಟ್ಟಿತು.

*

ಈಗ ಬಾಯಿಪಾಠದ ಬಗೆಗೆ ಬರೋಣ. ಇತ್ತೀಚಿನ ಎರಡು ಮೂರು ವರ್ಷಗಳಲ್ಲಿ ‘ವರ್ಚುವಲ್ ಸೆಲ್’ ಎಂಬ ಮಾತು ಕೇಳಿದ್ದೀರಾದರೆ, ಅದು ಬಹುಮಟ್ಟಿಗೆ ಈ ಬಗೆಯದು. ಚಾಟ್‌ಜಿಪಿಟಿಯನ್ನು ತಯಾರಿಸಿದ ತಂತ್ರವನ್ನೇ ಜೀವಕೋಶಕ್ಕೆ ಹಚ್ಚುವುದು ಇದರ ತಿರುಳು. 2023ರಲ್ಲಿ ಬಂದ ಜೀನ್‌ಫಾರ್ಮರ್ ಸುಮಾರು 3 ಕೋಟಿ ಜೀವಕೋಶಗಳ ಅಂಕಿಅಂಶಗಳಿಂದ ಕಲಿತದ್ದು. ಒಂದು ಕೋಶದಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಅದರ ಆರ್‌ಎನ್‌ಎ ಎಣಿಸಿದರೆ ತಿಳಿಯುತ್ತದೆ. ಚುರುಕಿನ ಕ್ರಮದಲ್ಲಿ ಜೀನ್‌ಗಳ ಹೆಸರು ಜೋಡಿಸಿದರೆ ಒಂದು ಉದ್ದನೆಯ ಸಾಲು ಸಿಗುತ್ತದೆ. ಅದೇ ಆ ಕೋಶದ ‘ವಾಕ್ಯ’. ಆ ವಾಕ್ಯದಲ್ಲಿ ಕೆಲವು ಹೆಸರು ಅಳಿಸಿ, ಬಿಟ್ಟ ಸ್ಥಳ ತುಂಬಿರಿ ಎಂದು ಕಂಪ್ಯೂಟರಿಗೆ ಕೇಳುತ್ತಾರೆ. ಕೋಟಿಗಟ್ಟಲೆ ವಾಕ್ಯಗಳಲ್ಲಿ ಬಿಟ್ಟ ಸ್ಥಳ ತುಂಬುತ್ತ ತುಂಬುತ್ತ, ಯಾವ ಜೀನ್ ಯಾವುದರ ಜೊತೆಗೆ ಓಡಾಡುತ್ತದೆ ಎಂಬುದು ಅದಕ್ಕೆ ಬಾಯಿಪಾಠವಾಗುತ್ತದೆ.

ಇಲ್ಲಿ ಭಾಷೆ ಓದಿದವಳಾಗಿ ನನ್ನ ತಕರಾರು ಇದೆ. ಕನ್ನಡ ವಾಕ್ಯದಲ್ಲಿ ಪದಗಳ ಕ್ರಮವನ್ನು ಹೇಳುವವರು ಇಟ್ಟಿರುತ್ತಾರೆ. ಕೋಶದೊಳಗೆ ಅಂಥ ಸಾಲು ಇಲ್ಲ. ಸಾಲು ಮಾಡಿದವರು ನಾವು. ನಾವೇ ಸಾಲು ಮಾಡಿಟ್ಟು, ಕೋಶದ ಭಾಷೆ ಅರ್ಥವಾಯಿತು ಎನ್ನುವುದು, ದಿನಸಿ ಚೀಟಿಯನ್ನು ಬೆಲೆಯ ಕ್ರಮದಲ್ಲಿ ಬರೆದು ಅದನ್ನು ಕವಿತೆ ಎಂದ ಹಾಗೆ. ಚೀಟಿಯಿಂದ ಮನೆಯ ಬಗ್ಗೆ ಎಷ್ಟೋ ತಿಳಿಯುತ್ತದೆ, ನಿಜ. ಅಡುಗೆ ಮಾಡುವ ಕ್ರಮ ಮಾತ್ರ ತಿಳಿಯುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಗಹನವಾದದ್ದು. ಕೋಶದ ಆರ್‌ಎನ್‌ಎ ಎಣಿಸಬೇಕಾದರೆ ಕೋಶವನ್ನು ಒಡೆಯಬೇಕು. ಎಣಿಸಿದ ಮೇಲೆ ಆ ಕೋಶ ಇಲ್ಲ. ಔಷಧ ಹಾಕುವ ಮುಂಚೆ ಮತ್ತು ನಂತರ ಒಂದೇ ಕೋಶವನ್ನು ನೋಡುವುದು ಈ ವಿಧಾನದಲ್ಲಿ ಆಗದ ಮಾತು. ಮೂರು ಕೋಟಿ ಕೋಶಗಳೆಂದರೆ ಮೂರು ಕೋಟಿ ಬೇರೆಬೇರೆ ಕೋಶಗಳ ಕೊನೆಯ ಗಳಿಗೆಯ ಫೋಟೋ. ಜನಗಣತಿಯ ಪಟ್ಟಿ ನೋಡಿ ಒಬ್ಬರ ಜೀವನಚರಿತ್ರೆ ಬರೆಯುವಷ್ಟು ಕಷ್ಟದ ಕೆಲಸ. ‘ವರ್ತನೆ’ ಎಂದರೆ ಕಾಲದಲ್ಲಿ ನಡೆಯುವುದು. ಆ ಕಾಲವೇ ಈ ಅಂಕಿಅಂಶಗಳಲ್ಲಿ ಇಲ್ಲ.

ಫಲಿತಾಂಶ ಹೇಗಿದೆ? 2025ರಲ್ಲಿ ಆಲ್‌ಮನ್‌–ಎಲ್ಟ್ಸೆ, ಹೂಬರ್ ಮತ್ತು ಆಂಡರ್ಸ್ ‘ನೇಚರ್ ಮೆಥಡ್ಸ್’ ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಒಂದು ಅಥವಾ ಎರಡು ಜೀನ್‌ಗಳನ್ನು ಬದಲಿಸಿದರೆ ಕೋಶದಲ್ಲಿ ಏನಾಗುತ್ತದೆ ಎಂದು ಊಹಿಸುವ ಪರೀಕ್ಷೆ. ಐದು ದೊಡ್ಡ ಬಾಯಿಪಾಠದ ಮಾಡೆಲ್‌ಗಳು, ಇನ್ನೆರಡು ಅದೇ ಕುಲದವು ಒಂದು ಕಡೆ. ಇನ್ನೊಂದು ಕಡೆ ಬೇಕೆಂದೇ ಸರಳವಾಗಿಟ್ಟ ಲೆಕ್ಕಗಳು. ಉದಾಹರಣೆಗೆ, ಎರಡು ಜೀನ್‌ಗಳ ಬಿಡಿ ಪರಿಣಾಮಗಳನ್ನು ಸುಮ್ಮನೆ ಕೂಡಿಸಿಬಿಡುವುದು. ಏಳರಲ್ಲಿ ಒಂದೂ ಆ ಕೂಡಿಸುವ ಲೆಕ್ಕವನ್ನು ಮೀರಲಿಲ್ಲ.

ಇದರಿಂದ ಈ ದಾರಿಯೇ ಸುಳ್ಳು ಎಂದು ನಾನು ಹೇಳುವುದಿಲ್ಲ. ಮುಂದೆ ಮೀರಬಹುದು. ಜೀನ್‌ಫಾರ್ಮರ್ ತಯಾರಿಸಿದವರೇ ಹೃದಯದ ಸ್ನಾಯು ಕಾಯಿಲೆಯೊಂದಕ್ಕೆ ಅದು ಸೂಚಿಸಿದ ಜೀನ್‌ಗಳನ್ನು ಪ್ರಯೋಗಾಲಯದ ಕೋಶಗಳಲ್ಲಿ ಪರೀಕ್ಷಿಸಿ ಫಲ ಕಂಡಿದ್ದಾರೆ. ಎಲ್ಲಿ ಹುಡುಕಬೇಕು ಎಂದು ತೋರಿಸುವ ಬೆರಳಾಗಿ ಬಾಯಿಪಾಠ ಕೆಲಸಕ್ಕೆ ಬರುತ್ತದೆ. ನನ್ನ ಆತಂಕ ಅದರ ತಪ್ಪಿನ ಸ್ವಭಾವದ ಬಗ್ಗೆ. ಅದನ್ನು ನನ್ನ ಕಸುಬಿನಿಂದಲೇ ಹೇಳಿದರೆ ಸುಲಭ.

ಹತ್ತು ವರ್ಷದ ಹಿಂದೆ ಯಂತ್ರಾನುವಾದ ತಿದ್ದುವ ಕೆಲಸ ನಗೆಪಾಟಲಿನದಾಗಿತ್ತು. ವಾಕ್ಯ ಮುರಿದುಬಿದ್ದಿರುತ್ತಿತ್ತು, ವಿಭಕ್ತಿ ಎಲ್ಲೋ, ಕ್ರಿಯಾಪದ ಎಲ್ಲೋ. ತಪ್ಪು ತಾನಾಗಿಯೇ ಕೂಗಿ ಹೇಳುತ್ತಿತ್ತು. ಈಗಿನದು ಹಾಗಲ್ಲ, ನುಣುಪಾದ ಕನ್ನಡ. ಕೆಲವು ತಿಂಗಳ ಹಿಂದೆ ರೋಗಿಗಳಿಗೆ ಕೊಡುವ ಒಂದು ಸೂಚನಾಪತ್ರವನ್ನು ಯಂತ್ರ ಅನುವಾದಿಸಿ, ತಿದ್ದಲು ನನಗೆ ಬಂತು. ವೈದ್ಯರು ಹೇಳುವವರೆಗೆ ಔಷಧ ನಿಲ್ಲಿಸಬಾರದು ಎಂಬುದು ಇಂಗ್ಲಿಷಿನ ಅರ್ಥ. ಕನ್ನಡದಲ್ಲಿ ಹೀಗಿತ್ತು: ‘ವೈದ್ಯರು ಹೇಳದಿದ್ದರೆ ನೀವು ಔಷಧವನ್ನು ನಿಲ್ಲಿಸಬೇಕು.’ ಸಂಧಿ, ಸಮಾಸ, ಗೌರವ ಎಲ್ಲ ಸರಿ. ಅರ್ಥ ಮಾತ್ರ ತಲೆಕೆಳಗು. ಮೊದಲ ಓದಿನಲ್ಲಿ ನಾನೇ ಅದನ್ನು ದಾಟಿಹೋಗಿದ್ದೆ. ಎರಡನೇ ಓದಿನಲ್ಲಿ ಕಂಡಾಗ ಬೆನ್ನು ತಣ್ಣಗಾಯಿತು. ಯಾಕೆ ಹೀಗಾಯಿತು ಎಂದು ಯಂತ್ರವನ್ನು ಕೇಳುವ ಹಾಗಿಲ್ಲ. ‘ಬಾರದು’ ಬಿದ್ದುಹೋದ ಜಾಗ ಅದರೊಳಗೆ ಎಲ್ಲೂ ಇಲ್ಲ, ತಿದ್ದಲು ವಿಳಾಸವಿಲ್ಲ.

ಕೋಶದ ಬಾಯಿಪಾಠವೂ ಇದೇ ಬಗೆಯಲ್ಲಿ ತಪ್ಪುತ್ತದೆ. ಯಾವ ಪ್ರಶ್ನೆ ಕೇಳಿದರೂ ಅದು ಒಂದು ಚೆಂದದ, ನಂಬುವಂಥ ಕೋಶವನ್ನು ಮುಂದಿಡುತ್ತದೆ. ‘ಚಿಚಿ’ ಬರಲಾರದು ಎಂದು ಅದು ಎಂದೂ ಹೇಳುವುದಿಲ್ಲ.

ಇದಕ್ಕೆ ಒಂದು ಬಲವಾದ ಎದುರು ಉತ್ತರವಿದೆ: ಆಲ್ಫಾಫೋಲ್ಡ್. ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂಬುದನ್ನು ಅದೂ ಅಂಕಿಅಂಶಗಳಿಂದಲೇ ಕಲಿತು ಊಹಿಸಿತು, 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದಕ್ಕೂ ಪಾಲು ಸಿಕ್ಕಿತು. ವ್ಯಾಕರಣ ಕೇಳುತ್ತ ಕೂತಿದ್ದರೆ ಅದಾಗುತ್ತಿತ್ತೇ? ನ್ಯಾಯವಾದ ಪ್ರಶ್ನೆ. ಆದರೆ ಅದರ ಹಿಂದೆ ಏನಿತ್ತು ನೋಡಿ. 1971ರಿಂದ ಜಗತ್ತಿನ ಪ್ರಯೋಗಾಲಯಗಳು ಒಂದೊಂದಾಗಿ ಅಳೆದು ಕೂಡಿಟ್ಟ ಪ್ರೋಟೀನ್ ಆಕಾರಗಳ ಭಂಡಾರವಿತ್ತು. ಬಹುಪಾಲು ಪ್ರೋಟೀನ್‌ಗಳ ವಿಷಯದಲ್ಲಿ ಸರಿಯುತ್ತರ ಏನೆಂದು ಅಳೆದು ತೋರಿಸಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, 1994ರಿಂದ ನಡೆಯುತ್ತಿರುವ ಕಾಸ್ಪ್ ಎಂಬ ಪರೀಕ್ಷೆಯಿತ್ತು; ಉತ್ತರ ಗೊತ್ತಿರುವವರು ಮುಚ್ಚಿಟ್ಟು, ಊಹಿಸುವವರಿಂದ ಮೊದಲೇ ಉತ್ತರ ಬರೆಸಿಕೊಂಡು, ಆಮೇಲೆ ತೆರೆದು ನೋಡುವ ಕಟ್ಟುನಿಟ್ಟು. ಕೋಶದ ವರ್ತನೆಗೆ ಅಂಥ ಪರೀಕ್ಷೆ ಈಗಷ್ಟೇ ಕಣ್ಣುಬಿಡುತ್ತಿದೆ. ಆರ್ಕ್ ಇನ್‌ಸ್ಟಿಟ್ಯೂಟ್ 2025ರಲ್ಲಿ ಶುರುಮಾಡಿದ ವರ್ಚುವಲ್ ಸೆಲ್ ಸ್ಪರ್ಧೆ ಆ ದಿಕ್ಕಿನ ಹೆಜ್ಜೆ, ಸ್ವಾಗತ. ಪರೀಕ್ಷೆ ಬರೆಯುವ ಮುಂಚೆಯೇ ಪದವಿ ಕೊಡಬೇಡಿ ಎಂಬುದಷ್ಟೇ ನನ್ನ ಮಾತು.

*

ಇದು ದೂರದ ದೇಶದ ವಿಷಯವೂ ಅಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕ ಕಾನೂನು ಬದಲಿಸಿ, ಔಷಧಕ್ಕೆ ಪ್ರಾಣಿಗಳ ಮೇಲಿನ ಪರೀಕ್ಷೆ ಕಡ್ಡಾಯ ಎಂಬ ಮಾತನ್ನು ತೆಗೆಯಿತು. 2023ರಲ್ಲಿ ಭಾರತ ಸರ್ಕಾರವೂ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ ತಿದ್ದುಪಡಿ ತಂದು, ಕಂಪ್ಯೂಟರ್ ಮಾಡೆಲ್‌ಗಳೂ ಸೇರಿದಂತೆ ಪ್ರಾಣಿಯೇತರ ವಿಧಾನಗಳಿಗೆ ಬಾಗಿಲು ತೆರೆಯಿತು. ನನಗೆ ಇದು ಸಂತೋಷದ ವಿಷಯ. ಬಾಗಿಲಲ್ಲಿ ಯಾರು ನಿಂತು ಏನು ಕೇಳುತ್ತಾರೆ ಎಂಬುದು ಮುಖ್ಯ.

ನಾನಾಗಿದ್ದರೆ ಮೂರು ಕೇಳುತ್ತಿದ್ದೆ. ನಿನ್ನ ಲೆಕ್ಕದಿಂದ ಏನನ್ನು ಬಿಟ್ಟಿದ್ದೀಯ? ನೋಬಲ್‌ಗೆ ಕ್ಯಾಲ್ಸಿಯಂ ಗೊತ್ತಿರಲಿಲ್ಲ. ಗೊತ್ತಿದ್ದೂ ಬಿಟ್ಟದ್ದನ್ನಾದರೂ ಪಟ್ಟಿಮಾಡಿ ಕೊಡಬೇಕು. ಸುಮ್ಮನೆ ಕೂಡಿಸುವ ಲೆಕ್ಕವನ್ನು ನೀನು ಮೀರಿದ್ದೀಯಾ? ಮೀರದಿದ್ದರೆ ಕೂಡಿಸುವ ಲೆಕ್ಕವನ್ನೇ ಬಳಸೋಣ, ಅಗ್ಗ. ತಪ್ಪಿದಾಗ ನಿನ್ನೊಳಗೆ ಎಲ್ಲಿ ನೋಡಬೇಕು? ಮೂರನೆಯದಕ್ಕೆ ಉತ್ತರವಿಲ್ಲದ ಮಾಡೆಲ್ ಪ್ರಯೋಗಾಲಯದಲ್ಲಿ ದಾರಿ ತೋರಲಿ, ಮನುಷ್ಯರ ಮೇಲಿನ ತೀರ್ಮಾನಕ್ಕೆ ಸಾಕ್ಷಿಯಾಗಿ ಬರುವುದು ಬೇಡ.

ಈ ಪ್ರಶ್ನೆ ಕೇಳಬಲ್ಲವರು ನಮ್ಮಲ್ಲಿ ಇದ್ದಾರೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಉಪಿಂದರ್ ಭಲ್ಲಾ 1999ರಲ್ಲೇ, ಕೋಶದೊಳಗಿನ ಸಂಕೇತಗಳ ಬಿಡಿ ದಾರಿಗಳನ್ನು ಒಂದಕ್ಕೊಂದು ಜೋಡಿಸಿದರೆ ಬಿಡಿಯಾಗಿ ಇಲ್ಲದ ಗುಣಗಳು ಹುಟ್ಟುತ್ತವೆ ಎಂದು ರವಿ ಅಯ್ಯಂಗಾರ್ ಜೊತೆಗೂಡಿ ಲೆಕ್ಕ ಹಾಕಿ ತೋರಿಸಿದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೋಹಿತ್ ಕುಮಾರ್ ಜಾಲಿ ಅವರ ಗುಂಪು ಕ್ಯಾನ್ಸರ್ ಕೋಶ ಒಂದೆಡೆ ಅಂಟಿ ಕೂರುವ ಸ್ಥಿತಿಯಿಂದ ಅಲೆಯುವ ಸ್ಥಿತಿಗೆ ಹೇಗೆ ಜಾರುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುತ್ತಿದೆ. ವ್ಯಾಕರಣದ ಕೆಲಸ ಇಲ್ಲಿ ನಡೆಯುತ್ತಿದೆ. ಅದರ ಬಗ್ಗೆ ಕನ್ನಡದಲ್ಲಿ ಮಾತಾಡಲು ಪದಗಳನ್ನು ಬೇರ್ಪಡಿಸಿಕೊಳ್ಳುವ ಕೆಲಸ ಮಾತ್ರ ನಮ್ಮದು.

ನನ್ನ ಒಪ್ಪಿಗೆ ಪತ್ರಕ್ಕೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ದೊಡ್ಡವ್ವ ಹೇಳಿದ ಹಾಗೆ ಬರೆದೆ: ‘ಈ ಔಷಧ ಹೃದಯದ ಜೀವಕೋಶದ ಮೇಲೆ ಹೇಗೆ ಕೆಲಸ ಮಾಡಬಹುದು ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಲಾಗಿದೆ. ಇದು ನಿಜವಾದ ಜೀವಕೋಶದ ಮೇಲೆ ಮಾಡಿದ ಪರೀಕ್ಷೆಯಲ್ಲ.’ ಕೆಲಸ ಕೊಟ್ಟವರು ಮೊದಲ ವಾಕ್ಯ ಉಳಿಸಿಕೊಂಡರು. ಎರಡನೆಯದು ಮೂಲದಲ್ಲಿ ಇಲ್ಲವೆಂದು ತೆಗೆದರು. ಕಸುಬಿನ ನಿಯಮದ ಪ್ರಕಾರ ಅವರು ಮಾಡಿದ್ದು ಸರಿ, ನಾನು ಜಗಳ ಆಡಲಿಲ್ಲ. ಆದರೆ ನಮ್ಮ ನಿಯಮಗಳ ಪ್ರಕಾರವೇ ಒಪ್ಪಿಗೆ ಪತ್ರ ಸಹಿ ಹಾಕುವವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಹಾಗಾದರೆ ಆ ಎರಡನೇ ವಾಕ್ಯ ಇಂಗ್ಲಿಷಿನಲ್ಲೇ ಇರಬೇಕಿತ್ತು; ಅದನ್ನು ಸೇರಿಸಬೇಕಾದವರು ಅನುವಾದಕರಲ್ಲ.

ಮುಂಬೈಯಲ್ಲೋ ದೆಹಲಿಯಲ್ಲೋ ನಿಮ್ಮ ಮನೆಯ ಹಿರಿಯರಿಗೆ ಇಂಥ ಪತ್ರವನ್ನು ಓದಿ ಹೇಳುವ ಸರದಿ ಒಂದು ದಿನ ನಿಮಗೂ ಬರಬಹುದು. ‘ಮಾದರಿ’, ‘ನಮೂನಾ’, ‘ಮಾಡೆಲ್’ ಎಂದು ಎಲ್ಲಿ ಕಂಡರೂ ಅಲ್ಲಿ ಬೆರಳಿಟ್ಟು, ಇದು ಚೂರೋ ಲೆಕ್ಕವೋ ಎಂದು ಕೇಳಿ. ಲೆಕ್ಕ ಎಂದರೆ, ಅದು ಎಲ್ಲಿ ತಪ್ಪಬಹುದು ಎಂದೂ ಕೇಳಿ. ಉತ್ತರ ಸಿಗುವವರೆಗೆ ಪೆನ್ನು ಕೈಗೆ ಕೊಡಬೇಡಿ.